ಕೂಡಿದ ಚಿಪ್ಪು, ಮಡಚದ ಮಂಡಿ

ನಮ್ಮ ಚಿಕ್ಕಮ್ಮ ಬಿದ್ದದ್ದು ಬೆಂಗಳೂರಿನ ಹಲಸೂರಿನಲ್ಲಿರುವ ತಮ್ಮ ಮನೆಯ ಮುಂದಿನ ಮೂರೇ ಮೂರು ಕಲ್ಲಿನ ಮೆಟ್ಟಿಲ ಮೇಲೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು ತಿರುಗಿದ್ದಾರೆ. ಕಾಲು ಜಾರಿ ಎಡ ಮಂಡಿ ನೇರವಾಗಿ ಮೆಟ್ಟಿಲಿನ ಅಂಚಿಗೆ ಬಡಿದಿದೆ. ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿ, "ಕಾಲು ಸ್ವಲ್ಪ ಎತ್ತಿ ಚಿಕ್ಕಮ್ಮ" ಅಂದೆ. ಬೆರಳು ಆಡುತ್ತಿತ್ತು, ಪಾದ ಆಡುತ್ತಿತ್ತು, ಇಡೀ ಕಾಲು ಮಾತ್ರ ಹಾಸಿಗೆ ಬಿಟ್ಟು ಒಂದಂಗುಲ ಮೇಲೆ ಬರಲಿಲ್ಲ. "ನನ್ನ ಕಾಲು ನನ್ನ ಮಾತೇ ಕೇಳ್ತಿಲ್ವಲ್ಲೋ" ಅಂದರು. ಅಳು ಬಂದದ್ದು ಆಗಲೇ, ಬಿದ್ದಾಗ ಅಲ್ಲ.

ಮಂಡಿಚಿಪ್ಪಿನ ಮುರಿತವನ್ನು ವೈದ್ಯರು ಗುರುತಿಸುವುದೂ ಇದೇ ಪರೀಕ್ಷೆಯಿಂದ ಎಂದು ನನಗೆ ತಿಳಿದದ್ದು ಆಮೇಲೆ. ಮೊಣಕಾಲನ್ನು ನೆಟ್ಟಗಿಟ್ಟು ಕಾಲನ್ನು ಮೇಲೆತ್ತಲು ಆಗುತ್ತದೆಯೇ ಇಲ್ಲವೇ ಅನ್ನುವುದರ ಮೇಲೆ ಆಪರೇಷನ್ ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ನಿಂತಿದೆ. ಚಿಕ್ಕಮ್ಮನ ಜೊತೆ ಆ ವರ್ಷವಿಡೀ ಆಸ್ಪತ್ರೆ, ಫಿಸಿಯೋಥೆರಪಿ ಎಂದು ಓಡಾಡಿದ ಮೇಲೆ, ಕಂಡದ್ದನ್ನು, ಕೇಳಿದ್ದನ್ನು, ಓದಿದ್ದನ್ನು ಒಟ್ಟಿಗೆ ಇಟ್ಟು ನೋಡಬೇಕು ಅನ್ನಿಸಿತು.

ಚಿಪ್ಪು ಅಂದರೆ ಅಂಗೈಯೊಳಗೆ ಹಿಡಿಸುವ, ಕೆಳಗೆ ಮೊನಚಾದ ಮುಕ್ಕೋನದ ಮೂಳೆ. ಸ್ನಾಯುವಿನ ಹುರಿಯೊಳಗೇ ಹುದುಗಿ ಬೆಳೆಯುವ ಮೂಳೆಗಳು ಮೈಯಲ್ಲಿ ಕೆಲವಿವೆ, ಅವುಗಳಲ್ಲೆಲ್ಲ ಇದೇ ದೊಡ್ಡದು. ತೊಡೆಯ ಮುಂಭಾಗದ ದಪ್ಪ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್, ಮೇಲಿನಿಂದ ಬಂದು ಇದನ್ನು ಹಿಡಿಯುತ್ತದೆ. ಕೆಳಗಿನ ತುದಿಯಿಂದ ಇನ್ನೊಂದು ಹುರಿ ಹೊರಟು ಕಣಕಾಲಿನ ಮೂಳೆಗೆ ಅಂಟುತ್ತದೆ. ಬಾವಿಯ ಹಗ್ಗ ರಾಟೆಯ ಮೇಲೆ ಹಾದರೆ ಕೊಡ ಹೇಗೆ ಸಲೀಸಾಗಿ ಬರುತ್ತದೋ ಹಾಗೆ, ಚಿಪ್ಪು ಆ ಹುರಿಯನ್ನು ಕೀಲಿನಿಂದ ಮುಂದಕ್ಕೆ ಎತ್ತಿ ಹಿಡಿದು ಎಳೆತದ ಬಲವನ್ನು ಶೇ 30ರಷ್ಟು ಹೆಚ್ಚಿಸುತ್ತದೆ. ಹಿಂಬದಿಯಲ್ಲಿ ಇರುವ ಮೃದ್ವಸ್ಥಿ, ನಮ್ಮ ಮೈಯಲ್ಲೇ ಅತಿ ದಪ್ಪನೆಯದು, ಕೆಲವೆಡೆ 5 ಮಿಲಿಮೀಟರ್ ಮುಟ್ಟುತ್ತದೆ. ಅಷ್ಟು ದಪ್ಪ ಯಾಕೆ ಬೇಕು ಅಂದರೆ, ಮೆಟ್ಟಿಲು ಹತ್ತಿಳಿಯುವಾಗ ಚಿಪ್ಪಿನ ಹಿಂದೆ ಮೈತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದೆ, ಕುಕ್ಕರಗಾಲಲ್ಲಿ ಕೂತಾಗ ಏಳು ಪಟ್ಟಿನ ಆಸುಪಾಸು.

ಇಂಥ ಮೂಳೆ ಎರಡು ಬಗೆಯಲ್ಲಿ ಮುರಿಯುತ್ತದೆ. ಒಂದು, ನೇರ ಪೆಟ್ಟು. ಸ್ಕೂಟರಿನಿಂದ ಬಿದ್ದು ಮಂಡಿ ರಸ್ತೆಗೆ ಬಡಿಯುವುದು, ಕಾರು ಗುದ್ದಿದಾಗ ಡ್ಯಾಶ್‌ಬೋರ್ಡಿಗೆ ತಾಕುವುದು. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆವರೆಗೆ ಲಾರಿ ಬಸ್ಸುಗಳ ನಡುವೆ ನುಸುಳುವ ದ್ವಿಚಕ್ರ ವಾಹನಗಳನ್ನು ನೋಡಿದವರಿಗೆ, ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಓಡುವ ಹುಡುಗರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಲ್ಮೆಟ್ ತಲೆ ಕಾಯುತ್ತದೆ, ಮಂಡಿ ಕಾಯಲು ಏನೂ ಇಲ್ಲ. ಇನ್ನೊಂದು ಬಗೆಯಲ್ಲಿ ಪೆಟ್ಟೇ ಇರುವುದಿಲ್ಲ. ಮುಗ್ಗರಿಸಿದವರು ಬೀಳದಿರಲು ಕಾಲು ಬಿಗಿಹಿಡಿಯುತ್ತಾರೆ, ಮಂಡಿ ಅರ್ಧ ಮಡಚಿರುವಾಗಲೇ ತೊಡೆಯ ಸ್ನಾಯು ಸರ್ರನೆ ಎಳೆಯುತ್ತದೆ, ಚಿಪ್ಪು ಅಡ್ಡಲಾಗಿ ಎರಡು ಹೋಳಾಗುತ್ತದೆ. ಹಳೆಯ ಕ್ರಿಕೆಟ್ ಅಭಿಮಾನಿಗಳಿಗೆ ಡೇವಿಡ್ ಲಾರೆನ್ಸ್ ನೆನಪಿರಬಹುದು. ಇಂಗ್ಲೆಂಡಿನ ಈ ವೇಗದ ಬೌಲರ್ 1992ರ ಫೆಬ್ರವರಿಯಲ್ಲಿ ವೆಲಿಂಗ್ಟನ್ ಟೆಸ್ಟ್‌ನಲ್ಲಿ ಚೆಂಡು ಎಸೆಯಲು ಕಾಲೂರಿದ ಕ್ಷಣಕ್ಕೆ ಅವರ ಎಡ ಮಂಡಿಚಿಪ್ಪು ಸೀಳಿತು. ಯಾರೂ ಮುಟ್ಟಿರಲಿಲ್ಲ. ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿದ್ದಾಗ, ಜಿಮ್‌ನಲ್ಲಿ ಕಸರತ್ತು ಮಾಡುವ ವೇಳೆ ಅದೇ ಚಿಪ್ಪು ಮತ್ತೆ ಮುರಿಯಿತು. ಕೌಂಟಿ ಕ್ರಿಕೆಟ್ಟಿಗೆ 1997ರಲ್ಲಿ ಸ್ವಲ್ಪ ದಿನ ಮರಳಿದರು, ಟೆಸ್ಟ್ ಮತ್ತೆ ಆಡಲಿಲ್ಲ. ಈ ಎರಡನೇ ಮುರಿತದ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಎಲ್ಲ ಮುರಿತಗಳ ಲೆಕ್ಕದಲ್ಲಿ ಮಂಡಿಚಿಪ್ಪಿನದು ನೂರಕ್ಕೆ ಒಂದರಷ್ಟು ಮಾತ್ರ. ಅದಕ್ಕೇ ಇರಬೇಕು, ಸೊಂಟದ ಮುರಿತಕ್ಕೋ ಮಂಡಿ ಬದಲಾವಣೆಗೋ ಸಿಗುವ ಗಮನ ಇದಕ್ಕೆ ಸಿಕ್ಕಿಲ್ಲ.

ಮುರಿದದ್ದಕ್ಕೆಲ್ಲ ಚಾಕು ಬೇಕಿಲ್ಲ. ರೋಗಿ ಕಾಲನ್ನು ನೆಟ್ಟಗೆ ಎತ್ತಬಲ್ಲರಾದರೆ, ಎಕ್ಸ್‌ರೇಯಲ್ಲಿ ತುಂಡುಗಳ ನಡುವೆ 2-3 ಮಿಲಿಮೀಟರಿಗಿಂತ ಹೆಚ್ಚು ಬಿರುಕಿಲ್ಲದಿದ್ದರೆ, ಹಿಂಬದಿಯ ನುಣುಪು ಮೈ ಮೆಟ್ಟಿಲಿನಂತೆ ಏರುಪೇರಾಗದಿದ್ದರೆ, ನಾಲ್ಕರಿಂದ ಆರು ವಾರ ಕಾಲು ನೆಟ್ಟಗಿರುವಂತೆ ಬ್ರೇಸ್ ಅಥವಾ ಪ್ಲಾಸ್ಟರ್ ಹಾಕಿದರೆ ಸಾಕು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ನೂರರಲ್ಲಿ ಸುಮಾರು ಇಬ್ಬರಿಗೆ ಹುಟ್ಟಿನಿಂದಲೇ ಚಿಪ್ಪಿನ ಮೇಲಿನ ಹೊರಮೂಲೆ ಕೂಡಿಕೊಳ್ಳದೆ ಬೇರೆ ತುಂಡಾಗಿ ಉಳಿದಿರುತ್ತದೆ. ಎಕ್ಸ್‌ರೇಯಲ್ಲಿ ಅದು ಮುರಿತದಂತೆಯೇ ಕಾಣುತ್ತದೆ. ಅಂಚು ದುಂಡಗಿದೆಯೇ ಎಂದು ನೋಡಬೇಕು, ಇನ್ನೊಂದು ಮಂಡಿಯ ಎಕ್ಸ್‌ರೇ ಕೂಡ ತೆಗೆದು ಹೋಲಿಸಬೇಕು. ಮಕ್ಕಳಲ್ಲಿ ಇದಕ್ಕೆ ತದ್ವಿರುದ್ಧದ ತಪ್ಪಾಗುತ್ತದೆ. ಎಂಟರಿಂದ ಹನ್ನೆರಡು ವಯಸ್ಸಿನವರಿಗೆ ಚಿಪ್ಪಿನ ಕೆಳತುದಿಯ ಮೃದ್ವಸ್ಥಿ ಅಂಗಿಯ ತೋಳಿನಂತೆ ಕಿತ್ತು ಬಂದಿರುತ್ತದೆ. ಎಕ್ಸ್‌ರೇಯಲ್ಲಿ ಅಕ್ಕಿಕಾಳಿನಷ್ಟು ಮೂಳೆ ಕಂಡರೆ ಹೆಚ್ಚು. ಮಗು ಕಾಲು ಎತ್ತಲಾಗದೆ ಅಳುತ್ತಿದ್ದರೆ "ಎಕ್ಸ್‌ರೇ ನಾರ್ಮಲ್" ಎಂಬ ಮಾತಿಗೆ ಸಮಾಧಾನ ಪಟ್ಟುಕೊಳ್ಳಬಾರದು.

ಚಿಕ್ಕಮ್ಮನ ವಿಷಯದಲ್ಲಿ ಮೊದಲ ತೀರ್ಪು ಬಂದದ್ದು ಪಕ್ಕದ ಮನೆಯಿಂದ. "ಆಪರೇಷನ್ ಎಲ್ಲಾ ಯಾಕಕ್ಕಾ, ಪುತ್ತೂರು ಕಟ್ಟು ಹಾಕ್ಸಿ, ಮೂರು ಕಟ್ಟಿಗೆ ಸರಿ ಹೋಗುತ್ತೆ." ಬೆಂಗಳೂರಿನ ಪೂರ್ವದಲ್ಲಿ ಪುತ್ತೂರು ಕಟ್ಟಿನ ಬೋರ್ಡು ನೋಡದವರು ಕಡಿಮೆ. ಆಂಧ್ರದ ತಿರುಪತಿ ಸೀಮೆಯ ಪುತ್ತೂರಿನಿಂದ ಬಂದ ಈ ಮೂಳೆಕಟ್ಟಿನ ವಿದ್ಯೆಯ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನನಗಿಲ್ಲ. ಜಾಗ ತಪ್ಪದ ಮುಂಗೈ ಮೂಳೆಯೋ ಬೆರಳೋ ಆದರೆ, ಅಲುಗದಂತೆ ಕಟ್ಟಿದರೆ ಕೂಡಿಕೊಳ್ಳುತ್ತದೆ, ಕೂಡಿಕೊಂಡವರೂ ಬೇಕಾದಷ್ಟಿದ್ದಾರೆ. ಆದರೆ ಇಬ್ಭಾಗವಾದ ಮಂಡಿಚಿಪ್ಪಿನ ಕಥೆ ಬೇರೆ. ಮೇಲಿನ ಹೋಳನ್ನು ತೊಡೆಯ ಸ್ನಾಯು ಹಗಲೂ ರಾತ್ರಿ ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಹೊರಗಿನಿಂದ ಎಷ್ಟು ಬಿಗಿ ಕಟ್ಟಿದರೂ ಆ ಎಳೆತ ನಿಲ್ಲುವುದಿಲ್ಲ. ನಡುವೆ ರಕ್ತ ಹೆಪ್ಪುಗಟ್ಟಿ, ಹರಿದ ಪದರ ಒಳಗೆ ಮಡಚಿ ಬಿದ್ದು, ಮೂಳೆಗೆ ಮೂಳೆ ಮುಟ್ಟುವುದೇ ಇಲ್ಲ. ತಿಂಗಳುಗಟ್ಟಲೆ ಕಟ್ಟಿನಲ್ಲಿ ಕಳೆದು ಬಂದವರಲ್ಲಿ ಸ್ನಾಯು ಕುಗ್ಗಿ ಗಿಡ್ಡವಾಗಿರುತ್ತದೆ, ಆಮೇಲೆ ಹೋಳುಗಳನ್ನು ಹತ್ತಿರ ತರುವುದೇ ಶಸ್ತ್ರವೈದ್ಯರಿಗೆ ಸಾಹಸ. ಕಾಲು ನೆಟ್ಟಗೆ ಎತ್ತಲಾಗದವರು ಕಟ್ಟು ಹಾಕಿಸಿಕೊಂಡು ಕಾಯಬಾರದು, ಇದು ನನ್ನ ಖಚಿತ ಮಾತು. ಹಾಗೆಂದು ನಡುರಾತ್ರಿಯ ಧಾವಂತವೂ ಬೇಕಿಲ್ಲ. ಚರ್ಮ ಸೀಳಿ ಮೂಳೆ ಹೊರಗಾಗಿದ್ದರೆ ಆ ಕ್ಷಣವೇ ಹೋಗಬೇಕು, ಚರ್ಮ ಸರಿಯಿದ್ದರೆ ಕೆಲವು ದಿನಗಳೊಳಗೆ ಆದರೂ ಆಗುತ್ತದೆ.

ತಂತಿ ಹಾಕಿ ಚಿಪ್ಪು ಕೂಡಿಸುವ ಕ್ರಮಕ್ಕೆ ಒಂದೂವರೆ ಶತಮಾನ ತುಂಬುತ್ತಾ ಬಂದಿದೆ. ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆ ಶುರುವಾದದ್ದು 1860ರ ದಶಕದಲ್ಲಿ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ. ಆ ಕಾಲಕ್ಕೆ ಇಲ್ಲಾಗಲಿ ಲಂಡನ್ನಿನಲ್ಲಾಗಲಿ ಚಿಪ್ಪು ಮುರಿದವರಿಗೆ ದಾರಿ ಒಂದೇ: ಕಾಲು ಚಾಚಿ ಮಲಗುವುದು, ಜೀವಮಾನವಿಡೀ ಕುಂಟುವುದು. ಫ್ರಾನ್ಸಿನ ಮಾಲ್ಗೇನ್ ಎಂಬ ವೈದ್ಯ ಉಗುರಿನಂಥ ಕೊಕ್ಕೆಗಳನ್ನು ಚರ್ಮದ ಮೇಲಿಂದಲೇ ಹೋಳುಗಳಿಗೆ ಸಿಕ್ಕಿಸಿ ಬಿಗಿದು ನೋಡಿದ್ದ. ಮಂಡಿಯ ಕೀಲನ್ನು ಬಿಡಿಸಿದರೆ ಕೀವಾಗಿ ಕಾಲೋ ಪ್ರಾಣವೋ ಹೋಗುತ್ತದೆ ಎಂಬ ಭಯ ಎಲ್ಲರದು. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಎಲ್ಲವನ್ನೂ ಶುದ್ಧಿ ಮಾಡಿ, ಕೀಲು ತೆರೆದು, ಬೆಳ್ಳಿ ತಂತಿಯಿಂದ ಹೋಳುಗಳನ್ನು ಕಟ್ಟಿದರು. ರೋಗಿ ಸತ್ತರೆ ಲಿಸ್ಟರ್ ಮೇಲೆ ಮೊಕದ್ದಮೆ ಹೂಡಬೇಕು ಎಂದ ವೈದ್ಯರೂ ಇದ್ದರಂತೆ. ರೋಗಿ ಬದುಕಿದ, ನಡೆದ. 1883ರಲ್ಲಿ ಅಂಥ ಹಲವರನ್ನು ಲಿಸ್ಟರ್ ಲಂಡನ್ನಿನ ವೈದ್ಯಕೀಯ ಸಂಘದ ಮುಂದೆ ನಿಲ್ಲಿಸಿದರು. ಒಳಗಿನ ಮುರಿತಗಳನ್ನು ತೆರೆದು ಸರಿಪಡಿಸಬಹುದು ಎಂಬ ಧೈರ್ಯ ಶಸ್ತ್ರವೈದ್ಯಕ್ಕೆ ಬಂದದ್ದರಲ್ಲಿ ಈ ಪುಟ್ಟ ಮೂಳೆಯ ಪಾಲು ದೊಡ್ಡದು.

ಆಮೇಲೆ ಒಂದು ಅಡ್ಡದಾರಿಯೂ ಬಂತು. 1937ರಲ್ಲಿ ಬ್ರೂಕ್ ಎಂಬ ಇಂಗ್ಲಿಷ್ ಸರ್ಜನ್, ಚಿಪ್ಪು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ, ಮುರಿದರೆ ತೆಗೆದುಹಾಕಿ ಎಂದು ವಾದಿಸಿದರು. ಹಲವರು ಹಾಗೇ ಮಾಡಿದರು. ಕೆಲವು ದಶಕ ಕಳೆದು ಬಲ ಅಳೆದು ನೋಡಿದರೆ, ಚಿಪ್ಪು ತೆಗೆದವರ ಕಾಲು ಚಾಚುವ ಶಕ್ತಿ ಮೂರನೇ ಒಂದಕ್ಕೂ ಹೆಚ್ಚು ಕುಸಿದಿತ್ತು. ಇಂದು ಇಡೀ ಚಿಪ್ಪು ತೆಗೆಯುವುದು ಬೇರೆ ಯಾವ ದಾರಿಯೂ ಉಳಿಯದಾಗ ಮಾತ್ರ.

ಇಂದಿಗೂ ಹೆಚ್ಚು ನಡೆಯುವ ಆಪರೇಷನ್ನಿನ ಹೆಸರು ಟೆನ್ಷನ್ ಬ್ಯಾಂಡ್ ವೈರಿಂಗ್. ಜರ್ಮನಿಯ ಪಾವೆಲ್ಸ್ ಅದರ ತತ್ವ ಹೇಳಿದರು, 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಎ.ಓ. ಎಂಬ ಸರ್ಜನ್‌ಗಳ ಬಳಗ ಅದನ್ನು ಜಗತ್ತಿಗೆಲ್ಲ ಕಲಿಸಿತು. ಬೆನ್ನಿಗೆ ಅರಿವಳಿಕೆಯ ಸೂಜಿ ಕೊಟ್ಟು, ತೊಡೆಗೆ ರಕ್ತ ತಡೆಯುವ ಪಟ್ಟಿ ಬಿಗಿದು, ಮಂಡಿಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ ಕೊಯ್ಯುತ್ತಾರೆ. ಒಳಗೆ ಹೆಪ್ಪುಗಟ್ಟಿದ ರಕ್ತ. ಅದನ್ನು ತೊಳೆದರೆ ಎರಡು ಹೋಳಿನ ಅಂಚುಗಳು, ಒಡೆದ ತೆಂಗಿನ ಚಿಪ್ಪಿನ ಅಂಚಿನಂತೆ, ಒಂದಕ್ಕೊಂದು ಹೊಂದುವ ಏರುತಗ್ಗುಗಳೊಡನೆ ಕಾಣುತ್ತವೆ. ಚೂಪುಮೊನೆಯ ಇಕ್ಕುಳದಿಂದ ಅವನ್ನು ಕೂಡಿಸಿ ಹಿಡಿಯುತ್ತಾರೆ. ನಾಜೂಕಿನ ಕೆಲಸ ಈಗ: ಪಕ್ಕದಲ್ಲಿ ಹರಿದ ಪದರದ ಸಂದಿನಿಂದ ಬೆರಳು ತೂರಿಸಿ, ಕಣ್ಣಿಗೆ ಕಾಣದ ಹಿಂಬದಿಯ ಮೈ ನುಣ್ಣಗೆ ಸೇರಿತೇ ಎಂದು ಸವರಿ ನೋಡುತ್ತಾರೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಮುಂದೆ ಸವೆತ ಗ್ಯಾರಂಟಿ. ಅಲ್ಲಿಂದ ಎರಡು ಸಣ್ಣ ಉಕ್ಕಿನ ಕಡ್ಡಿಗಳನ್ನು, ಕೆ-ವೈರ್ ಅನ್ನುತ್ತಾರೆ, 1.6ರಿಂದ 2 ಮಿಲಿಮೀಟರ್ ದಪ್ಪ, ಉದ್ದಕ್ಕೆ ಸಮಾನಾಂತರವಾಗಿ ತೂರಿಸಿ, ಅವುಗಳ ತುದಿಗೆ ಬಗ್ಗುವ ಉಕ್ಕಿನ ತಂತಿಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ಬಿಗಿಯುತ್ತಾರೆ. ಮಂಡಿ ಮಡಚಿದಾಗ ಚಿಪ್ಪಿನ ಮುಂಬದಿ ಬಾಯಿ ಬಿಡಲು ನೋಡುತ್ತದೆ, ತಂತಿ ಬಿಡುವುದಿಲ್ಲ, ಆ ಬಲವೇ ತಿರುಗಿ ಹಿಂಬದಿಯನ್ನು ಒತ್ತಿ ಕೂಡಿಸುತ್ತದೆ ಎಂಬುದು ಪಾವೆಲ್ಸ್ ತರ್ಕ. ಬೇಗ ಮಂಡಿ ಮಡಚಲು ಬಿಡಬಹುದು ಎಂಬ ಧೈರ್ಯದ ಮೂಲವೂ ಅದೇ. ಹರಿದ ಪಕ್ಕದ ಪದರಗಳನ್ನೂ ಹೊಲಿಯಬೇಕು. ಹೊಲಿಗೆ ಮುಗಿಸುವ ಮೊದಲು ಮೇಜಿನ ಮೇಲೆಯೇ ಮಂಡಿಯನ್ನು ಮಡಚಿ, ಕಟ್ಟು ಎಷ್ಟು ಡಿಗ್ರಿವರೆಗೆ ತಡೆಯುತ್ತದೆ ಎಂದು ಸರ್ಜನ್ ನೋಡಿಕೊಳ್ಳುತ್ತಾರೆ. ಆ ಒಂದು ಸಂಖ್ಯೆಯನ್ನು ರೋಗಿಯ ಮನೆಯವರು ಕೇಳಿ ಬರೆದುಕೊಳ್ಳಬೇಕು. ಮುಂದಿನ ಆರು ವಾರದ ವ್ಯಾಯಾಮಕ್ಕೆ ಅದೇ ಗಡಿ.

ಕಡ್ಡಿಯ ಬದಲು ಟೊಳ್ಳು ಸ್ಕ್ರೂ ಹಾಕಿ ಅದರೊಳಗೇ ತಂತಿ ಪೋಣಿಸುವವರಿದ್ದಾರೆ, ತೆಳು ಪ್ಲೇಟು ಹಾಕುವವರಿದ್ದಾರೆ, ಲೋಹದ ತಂತಿಯೇ ಬೇಡವೆಂದು ಗಟ್ಟಿ ದಾರದಿಂದ ಕಟ್ಟುವವರೂ ಇದ್ದಾರೆ. ಚಿಪ್ಪು ನುಚ್ಚುನೂರಾಗಿದ್ದರೆ ಸಿ.ಟಿ. ಸ್ಕ್ಯಾನ್ ನೋಡಿ ಪ್ಲೇಟಿನ ಕಡೆ ಒಲವು ತೋರುವವರು ಹೆಚ್ಚುತ್ತಿದ್ದಾರೆ. ಕೆಳತುದಿ ಮಾತ್ರ ಪುಡಿಯಾಗಿದ್ದರೆ ಆ ಚೂರುಗಳನ್ನು ತೆಗೆದು, ಹುರಿಯನ್ನು ಉಳಿದ ಮೂಳೆಯ ರಂಧ್ರಗಳಿಗೆ ಹೊಲಿಯುವುದೂ ಉಂಟು. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ. ಅಡ್ಡಲಾಗಿ ಎರಡೇ ಹೋಳಾದ ಸಾದಾ ಮುರಿತಕ್ಕೆ, ಅನುಭವಸ್ಥರ ಕೈಯಲ್ಲಿ, ಅಗ್ಗದ ಹಳೆಯ ತಂತಿಯೇ ಇಂದಿಗೂ ಚೆನ್ನಾಗಿ ನಡೆಯುತ್ತದೆ. "ದುಬಾರಿ ಇಂಪ್ಲಾಂಟ್ ಹಾಕಿಸಿದರೆ ಬೇಗ ನಡೀತಾರೆ" ಎಂಬ ಮಾತಿಗೆ ಮನೆಯವರು ಸಾಲ ಮಾಡಬೇಕಿಲ್ಲ.

ಫಲಿತಾಂಶದ ಲೆಕ್ಕವೂ ಇದೆ. 2012ರಲ್ಲಿ ಪ್ರಕಟವಾದ ಒಂದು ಒಟ್ಟು ವಿಶ್ಲೇಷಣೆ 24 ಅಧ್ಯಯನಗಳ 737 ಮುರಿತಗಳನ್ನು ಕೂಡಿಸಿ ನೋಡಿತು. ಮೂಳೆ ಕೂಡದೇ ಹೋದದ್ದು ಶೇ 1.3. ಸೋಂಕು ತಗುಲಿದ್ದು ಶೇ 3.2. ಮತ್ತೆ ಆಪರೇಷನ್ ಬೇಕಾದದ್ದು ಮಾತ್ರ ಶೇ 33.6, ಅಂದರೆ ಮೂವರಲ್ಲಿ ಒಬ್ಬರಿಗೆ. ಚಿಪ್ಪಿನ ಮೇಲೆ ಚರ್ಮ ಬಿಟ್ಟರೆ ಬೇರೆ ಹೊದಿಕೆ ಇಲ್ಲ, ಹಾಗಾಗಿ ತಂತಿಯ ಗಂಟು ಚುಚ್ಚುತ್ತದೆ, ಕಡ್ಡಿ ಹಿಂದೆ ಸರಿದು ತಲೆ ಎತ್ತುತ್ತದೆ. ಮೂಳೆ ಪೂರ್ತಿ ಕೂಡಿದ ಮೇಲೆ ತೆಗೆಸಿದರೆ ಮುಗಿಯಿತು. ತಂತಿ ತೆಗೆಸಬೇಕಾಗಿ ಬಂದರೆ ಮೊದಲ ಆಪರೇಷನ್ ಕೆಟ್ಟಿತು ಅಂತ ತಿಳಿಯಬೇಡಿ. ಈ ಮಾತನ್ನು ಮೊದಲೇ ಹೇಳುವ ಡಾಕ್ಟರ ಮೇಲೆ ನನಗೆ ಗೌರವ ಹೆಚ್ಚು.

ನೂರರಲ್ಲಿ ತೊಂಬತ್ತೆಂಟಕ್ಕೂ ಹೆಚ್ಚು ಮೂಳೆ ಕೂಡುತ್ತದೆ. ಆದರೂ ವರ್ಷಗಳ ನಂತರ ವಿಚಾರಿಸಿದರೆ ಮೆಟ್ಟಿಲಿಳಿಯುವಾಗ ನೋವು, ತೊಡೆ ಬಲ ಸಾಲದು, ಕೂತರೆ ಏಳಲಾಗದು ಎನ್ನುವವರು ಬಹಳ. ಕೂಡಿದ ಚಿಪ್ಪಿಗೂ ಕೆಲಸ ಮಾಡುವ ಮಂಡಿಗೂ ನಡುವೆ ಇಷ್ಟು ಅಂತರ ಹುಟ್ಟುವುದು ಆಪರೇಷನ್ ಆದ ಮುಂದಿನ ಮೂರು ತಿಂಗಳಲ್ಲಿ. ನಮ್ಮಲ್ಲಿ ಎಲ್ಲರೂ ಕೈಬಿಡುವುದು ಅಲ್ಲೇ.

ಚಿಕ್ಕಮ್ಮನ ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ದಿನ ಔಷಧಿ ಚೀಟಿಯ ಜೊತೆ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಅದರಲ್ಲಿ ಮಸುಕಾದ ನಾಲ್ಕು ಚಿತ್ರ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಯಾರೂ ಮಾಡಿ ತೋರಿಸಲಿಲ್ಲ. ನಾವು ತಿಳಿದದ್ದು ಇಷ್ಟೇ: ಅಲುಗಾಡಿಸಬಾರದು. ಉದ್ದನೆಯ ಬ್ರೇಸ್ ಬಿಗಿದು, ಮಂಡಿಯ ಕೆಳಗೆ ಮೆತ್ತನೆಯ ದಿಂಬಿಟ್ಟು, ಐದು ವಾರ ಮಹಾರಾಣಿಯಂತೆ ನೋಡಿಕೊಂಡೆವು. ಆ ದಿಂಬೇ ತಪ್ಪು. ಮಂಡಿಯ ಕೆಳಗೆ ದಿಂಬಿಟ್ಟರೆ ಕಾಲು ಸದಾ ಸ್ವಲ್ಪ ಬಾಗಿ ನಿಂತು, ಹಾಗೇ ಬಿಗಿದುಕೊಳ್ಳುತ್ತದೆ. ದಿಂಬು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಐದು ವಾರದ ಮೇಲೆ ಎಕ್ಸ್‌ರೇಯಲ್ಲಿ ಮೂಳೆ ಕೂಡುತ್ತಿತ್ತು, ಮಂಡಿ ಮಾತ್ರ 40 ಡಿಗ್ರಿಗೆ ನಿಂತಿತ್ತು. ತೊಡೆ ಒಣಗಿದ ದಂಟಿನಂತಾಗಿತ್ತು. ಚಿಪ್ಪಿನಿಂದ ಹತ್ತು ಸೆಂಟಿಮೀಟರ್ ಮೇಲೆ ಟೇಪು ಸುತ್ತಿ ಅಳೆದರೆ ಬಲಗಾಲಿಗೂ ಎಡಗಾಲಿಗೂ ಮೂರು ಬೆರಳಿನಷ್ಟು ವ್ಯತ್ಯಾಸ.

ಮನೆಯ ಹತ್ತಿರದ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲ ದಿನ ಮಂಡಿ ಮಡಚಲೇ ಇಲ್ಲ. ಟವೆಲ್ ಸುರುಳಿ ಮಾಡಿ ಮಂಡಿಯ ಕೆಳಗಿಟ್ಟು, "ಅಮ್ಮಾ, ಇದನ್ನ ಹಾಸಿಗೆಗೆ ಒತ್ತಿ. ಹತ್ತು ಎಣಿಸೋವರೆಗೂ ಬಿಡಬೇಡಿ" ಅಂದಳು. ತೊಡೆ ಅಲುಗಲಿಲ್ಲ. ಮತ್ತೆ, ಮತ್ತೆ. ಎಷ್ಟನೆಯ ಸಲವೋ, ಚರ್ಮದ ಕೆಳಗೆ ಮೀನು ಹೊರಳಿದ ಹಾಗೆ ಸ್ನಾಯು ಒಮ್ಮೆ ಅದುರಿತು. "ಬಂತು ನೋಡಿ" ಎಂದು ಅವಳೇ ಚಪ್ಪಾಳೆ ತಟ್ಟಿದಳು. ಚಿಕ್ಕಮ್ಮ "ಸಾಕು ಕಣಮ್ಮ, ಉಸಿರು ಕಟ್ಟುತ್ತೆ" ಅಂದರೆ, "ಇನ್ನು ಐದೇ ಅಮ್ಮ, ಉಸಿರು ಬಿಡ್ತಾ ಒತ್ತಿ" ಎಂದು ಐದರ ಬದಲು ಹತ್ತು ಮಾಡಿಸುತ್ತಿದ್ದಳು. ಹೆಬ್ಬೆರಳು ತೋರುಬೆರಳ ನಡುವೆ ಚಿಪ್ಪನ್ನು ಹಿಡಿದು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಮೆಲ್ಲಗೆ ಸರಿಸುವುದನ್ನು ನಮಗೂ ಕಲಿಸಿದಳು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ತರುವುದು, ಮಂಚದ ಅಂಚಿನಲ್ಲಿ ಕೂತು ಒಳ್ಳೆಯ ಕಾಲಿನ ಆಸರೆಯಿಂದ ಕಾಲು ಇಳಿಬಿಡುವುದು, ಆಮೇಲೆ ಐಸು. ಪ್ರತಿ ಸೋಮವಾರ, ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು, ಮಂಡಿ ಎಷ್ಟು ಡಿಗ್ರಿ ಮಡಚಿತೆಂದು ಅಳೆದು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದಳು: 40, 52, 60, 71.

ಸಾಮಾನ್ಯವಾಗಿ ನಡೆಯಬೇಕಾದ ಕ್ರಮ ಹೀಗೆ. ಬಹಳ ಸರ್ಜನ್‌ಗಳು ಮರುದಿನವೇ ಬ್ರೇಸ್ ಹಾಕಿ, ಕಾಲು ನೆಟ್ಟಗಿಟ್ಟುಕೊಂಡು, ವಾಕರ್ ಹಿಡಿದು ತೂಕ ಊರಲು ಬಿಡುತ್ತಾರೆ. ಪಾದ ಮೇಲೆ ಕೆಳಗೆ ಆಡಿಸುವುದು ಅರಿವಳಿಕೆ ಇಳಿದ ಗಳಿಗೆಯಿಂದಲೇ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಿರಲು. ತೊಡೆ ಬಿಗಿಯುವ ವ್ಯಾಯಾಮವೂ ಆಗಲೇ. ಹೊಲಿಗೆ ಬಿಚ್ಚುವುದು 12ರಿಂದ 14ನೇ ದಿನ. ಕಟ್ಟು ಗಟ್ಟಿಯಿದ್ದರೆ ಮೊದಲೆರಡು ವಾರದೊಳಗೇ ಮಂಡಿ ಮಡಚಲು ಶುರು, ಆರು ವಾರಕ್ಕೆ 90 ಡಿಗ್ರಿ. ಮೂಳೆ ಗಟ್ಟಿಯಾಗಲು 8ರಿಂದ 12 ವಾರ. ಆವರೆಗೆ ಭಾರ ಎತ್ತುವ ಕಸರತ್ತು, ಕುಕ್ಕರಗಾಲು ಬೇಡ. ನಾನು ಲಾರೆನ್ಸ್ ಹೆಸರೆತ್ತಿದ್ದು ಇದಕ್ಕೇ. ಅಲುಗಾಡಿಸದೆ ಬಿಟ್ಟರೆ ಮಂಡಿ ಕಲ್ಲಾಗುತ್ತದೆ, ಆತುರಪಟ್ಟರೆ ಚಿಪ್ಪು ಮತ್ತೆ ಬಿಡುತ್ತದೆ. ಇವೆರಡರ ನಡುವಿನ ದಾರಿ ಕಿರಿದು, ಆ ದಾರಿ ತೋರಿಸಲು ಪಳಗಿದ ಕೈ ಬೇಕು. ಜೆರಾಕ್ಸ್ ಹಾಳೆಯಿಂದ ಆಗುವ ಕೆಲಸವಲ್ಲ. ಮೂಳೆ ಕೂಡುವ ಮೊದಲು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಳ್ಳುವುದೂ ಬೇಡ. ಸಕ್ಕರೆ ಕಾಯಿಲೆಯವರು ಸಕ್ಕರೆ ಹತೋಟಿಯಲ್ಲಿಡಬೇಕು, ಬೀಡಿ ಸಿಗರೇಟು ಸೇದುವವರು ನಿಲ್ಲಿಸಬೇಕು. ಏರಿದ ಸಕ್ಕರೆಯೂ ಹೊಗೆಯೂ ಗಾಯ ಮಾಯುವುದನ್ನೂ ಮೂಳೆ ಕೂಡುವುದನ್ನೂ ತಡಮಾಡಿಸುತ್ತವೆ.

ಪಾಶ್ಚಾತ್ಯ ಪುಸ್ತಕಗಳ ಗುರಿ ನಮಗೆ ಸಾಲದು ಎಂಬುದನ್ನೂ ಹೇಳಬೇಕು. ಸಮತಟ್ಟಿನಲ್ಲಿ ನಡೆಯಲು ಮಂಡಿ 65 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು, ಕುರ್ಚಿಯಿಂದ ಏಳಲು ನೂರು. ಅಷ್ಟಾದರೆ ಅಲ್ಲಿ ರೋಗಿ ಗುಣವಾದ ಹಾಗೆ. ನಮ್ಮ ಈ ಕಡೆಯ ಬದುಕನ್ನು ನೋಡಿ. ಶಿವಾಜಿನಗರದ ಮಸೀದಿಯಲ್ಲಿ ನಮಾಜಿಗೆ ಕೂರುವವರಿಗೆ ಮಂಡಿ ಪೂರ್ತಿ ಮಡಚಬೇಕು. ಅಲ್ಲೇ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಂಡಿಯೂರುವವರಿಗೆ ಆ ಚಿಪ್ಪಿನ ಮೇಲೆಯೇ ಭಾರ. ಹಲಸೂರು ಸೋಮೇಶ್ವರನ ಗುಡಿಯಲ್ಲಿ ದೀರ್ಘದಂಡ ಹಾಕುವವರು, ಗುರುದ್ವಾರದಲ್ಲಿ ಸಾಲಾಗಿ ಚಕ್ಕಳಮಕ್ಕಳ ಹಾಕಿ ಲಂಗರಿಗೆ ಕೂರುವವರು, ರಸೆಲ್ ಮಾರ್ಕೆಟ್ಟಿನ ಹೊರಗೆ ನೆಲದ ಮೇಲೆ ಸೊಪ್ಪು ಹರವಿಕೊಂಡು ಕೂತ ಹೆಂಗಸರು, ಇವರಿಗೆಲ್ಲ 120-130 ಡಿಗ್ರಿಗಿಂತ ಕಡಿಮೆ ಆದರೆ ದಿನ ನಡೆಯದು. ವಠಾರದ ಇಂಡಿಯನ್ ಪಾಯಿಖಾನೆ ಯಾರ ನೋವನ್ನೂ ಕೇಳುವುದಿಲ್ಲ. ಡಾಕ್ಟರು "ನೀವು ಮನೆಯಲ್ಲಿ ಹೇಗೆ ಕೂರುತ್ತೀರಿ, ಏನು ಕೆಲಸ ಮಾಡುತ್ತೀರಿ" ಎಂದು ಮೊದಲ ದಿನವೇ ಕೇಳಿದರೆ ವ್ಯಾಯಾಮದ ಗುರಿಯೇ ಬದಲಾಗುತ್ತದೆ. ಆಟೋ ಓಡಿಸುವವರಿಗೆ ಬ್ರೇಕು ಬಲಗಾಲಿನಲ್ಲಿ, ಬೈಕಿನ ಗೇರು ಎಡಗಾಲಿನಲ್ಲಿ. ಯಾವ ಮಂಡಿ ಮುರಿದಿದೆ ಎಂಬುದರ ಮೇಲೆ ಸಂಪಾದನೆಗೆ ಮರಳುವ ದಿನ ನಿಂತಿದೆ. ಎಲ್ಲರೂ ಪೂರ್ತಿ ಮಡಚುವ ಮಟ್ಟ ಮುಟ್ಟುವುದಿಲ್ಲ, ಆ ಸತ್ಯವನ್ನೂ ಮೊದಲೇ ಹೇಳಬೇಕು. ಮೆಟ್ಟಿಲ ನಿಯಮ ಒಂದನ್ನು ಮನೆಯವರೆಲ್ಲ ಬಾಯಿಪಾಠ ಮಾಡಬೇಕು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಇನ್ನು ದುಡ್ಡಿನ ಮಾತು. ಈ ಭಾಗದಲ್ಲಿ ಆಸ್ಪತ್ರೆಗೆ ಕೊರತೆಯಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ ಮತ್ತು ಇ.ಎಸ್.ಐ. ಆಸ್ಪತ್ರೆ, ಸೇನೆಯವರಿಗೆ ಹಳೇ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆ, ಖಾಸಗಿಯವು ಹೇರಳ. ಸರ್ಕಾರದ ನೆರವೂ ಇದೆ. 2016ರಲ್ಲಿ ನೆಲಮಂಗಲದ ಬಳಿ ಅಪಘಾತದಲ್ಲಿ ಪ್ರಾಣ ಬಿಡುವಾಗಲೂ ಅಂಗದಾನ ಮಾಡಿ ಎಂದ ಹರೀಶ್ ಅವರ ಹೆಸರಿನಲ್ಲಿ ಶುರುವಾದ ಸಾಂತ್ವನ ಯೋಜನೆ ಬಂದದ್ದು ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಕೊಡಲು. ಕೇಂದ್ರದ 2025ರ ನಗದುರಹಿತ ಯೋಜನೆ ರಸ್ತೆ ಅಪಘಾತಕ್ಕೆ ಒಂದೂವರೆ ಲಕ್ಷದವರೆಗೆ, ಏಳು ದಿನ. ಆಯುಷ್ಮಾನ್ ಆರೋಗ್ಯ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ, ಆಸ್ಪತ್ರೆ ಬಿಟ್ಟ ಮೇಲೆ 15 ದಿನದ ಆರೈಕೆಯೂ ಸೇರಿ. ಈ ಅಂಕಿಗಳನ್ನು ಒಂದರ ಪಕ್ಕ ಒಂದು ಇಡಿ: 48 ಗಂಟೆ, ಏಳು ದಿನ, 15 ದಿನ. ಮಂಡಿಗೆ ಬೇಕಾದದ್ದು 12 ವಾರ. ಹದಿನಾರನೇ ದಿನದಿಂದ ಮುಂದಕ್ಕೆ, ಅಂದರೆ ಮಂಡಿ ಮಡಚಲು ಕಲಿಯಬೇಕಾದ ಕಾಲಕ್ಕೆ ಸರಿಯಾಗಿ, ಬಡವರು ಒಂಟಿ.

ಇ.ಎಸ್.ಐ. ಇದ್ದವರ ಸ್ಥಿತಿ ಎಷ್ಟೋ ವಾಸಿ. ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70, ಕೆಲಸದಲ್ಲಾದ ಪೆಟ್ಟಿಗೆ ಶೇ 90 ಸಿಗುತ್ತದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ, ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿಸಿದರೆ, ಕೆಲಸದ ಪೆಟ್ಟೆಂದೇ ಲೆಕ್ಕ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಇದು ಗೊತ್ತಿಲ್ಲದವರು ಇದ್ದಾರೆ, ಗೊತ್ತಿದ್ದವರು ದಯವಿಟ್ಟು ಹೇಳಿ. ಡೆಲಿವರಿ ಹುಡುಗರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಅದರ ಕಲ್ಯಾಣ ಮಂಡಳಿ ಬರೀ ಸಾವಿಗೆ, ಅಂಗವೈಕಲ್ಯಕ್ಕೆ ಪರಿಹಾರ ಕೊಟ್ಟು ಸುಮ್ಮನಾಗದೆ, ಮುರಿದ ಕಾಲಿನ ಮೂರು ತಿಂಗಳಿಗೂ ಹೊಣೆ ಹೊರಬೇಕು. ಉಳಿದ ಯೋಜನೆಗಳೂ ಫಿಸಿಯೋಥೆರಪಿಯನ್ನು ಆಪರೇಷನ್ನಿನ ಪ್ಯಾಕೇಜಿನೊಳಗೇ, 12 ವಾರಕ್ಕೆ, ಸೇರಿಸಬೇಕು. ತಂತಿಗೆ ದುಡ್ಡು ಕೊಟ್ಟು ವ್ಯಾಯಾಮಕ್ಕೆ ಕೊಡದಿದ್ದರೆ ತಂತಿಯ ದುಡ್ಡೂ ನೀರಿಗೆ ಹಾಕಿದಂತೆ.

ಚಿಕ್ಕಮ್ಮನ ಕ್ಯಾಲೆಂಡರಿನ ಕೊನೆಯ ಸಂಖ್ಯೆ 118. ದೇವರ ಮುಂದೆ ನೆಲಕ್ಕೆ ಕೂರಲು ಇನ್ನೂ ಆಗುವುದಿಲ್ಲ, ಮಣೆಯ ಬದಲು ಗಿಡ್ಡ ಸ್ಟೂಲು ಬಂದಿದೆ. ಐದು ವಾರ ಮೊದಲೇ ಶುರುಮಾಡಿದ್ದರೆ ಆ ಮಣೆ ಉಳಿಯುತ್ತಿತ್ತೇನೋ ಎಂದು ಅನ್ನಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಚಿಪ್ಪು ಮುರಿದರೆ, ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ಕೇಳುವ ಹೊತ್ತಿಗೇ ಇನ್ನೂ ಮೂರು ಮಾತು ಕೇಳಿ: ಮಂಡಿಯನ್ನು ಎಷ್ಟು ಡಿಗ್ರಿವರೆಗೆ ಮಡಚಬಹುದು, ಯಾವ ದಿನದಿಂದ, ವ್ಯಾಯಾಮ ಯಾರು ಮಾಡಿಸುತ್ತಾರೆ. ಉತ್ತರ ಸಿಗುವವರೆಗೆ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕಬೇಡಿ.